ಪರದೇಶದಲ್ಲಿ ನಮ್ಮ ಬಿಡಾರ

ನಮ್ಮ ಶಾಲೆಯಲ್ಲಿ ಕಲಿತು ಹೊರಟ ಹುಡುಗಿಯರು ಒಂದು ಕಾಲದಲ್ಲಿ ಬಹು ದೂರ ಹೋದರೆ ಮುಂಬಯಿಗೋ ಮದರಾಸಿಗೋ ಹೋಗುತ್ತಿದ್ದರು. ಈಗಲಾದರೋ ದಾದಿಯರ ಕೆಲಸಕ್ಕಾಗಿ ಕೆಲವರು, ಮೇಲಿನ ವ್ಯಾಸಂಗಕ್ಕಾಗಿ ಕೆಲವರು, ಹೀಗೆ ಅನೇಕರು ಕಡಲು ದಾಟಿ ಹೋಗುತ್ತಿದ್ದಾರೆ. ಹೊರಡುವ ಮುಂಚೆ ಅವರು ನಮ್ಮನ್ನು ಕಾಣಲು ಬಂದು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಚಳಿಯ ಬಟ್ಟೆ, ಭಾಷೆಯ ಪರೀಕ್ಷೆ, ಸಾಮಾನಿನ ತೂಕ ಇವುಗಳಿಗೆ ಸಂಬಂಧಪಟ್ಟವು. ಹೋಗಿ ಎರಡು ತಿಂಗಳಾದ ಮೇಲೆ ಅವರು ಬರೆಯುವ ಪತ್ರಗಳಲ್ಲಿ ಒಂದೇ ವಿಷಯವು ತುಂಬಿಕೊಂಡಿರುತ್ತದೆ. "ಟೀಚರೇ, ಮನೆ ಸಿಕ್ಕಲಿಲ್ಲ" ಎಂದು ಒಬ್ಬಳು. "ಮನೆಯೇನೋ ಸಿಕ್ಕಿತು, ಆದರೆ ಅದು ಮನೆಯೆಂದು ತೋರುವುದಿಲ್ಲ" ಎಂದು ಇನ್ನೊಬ್ಬಳು. ಈ ಎರಡನೆಯ ಮಾತಿಗೆ ಒಂದು ಪತ್ರದಲ್ಲಿ ಉತ್ತರ ಕೊಡುವುದು ಕಷ್ಟ. ಆದಕಾರಣ ಈ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿದಾಗ, ನಾವು ಪರದೇಶದಲ್ಲಿ ಬಿಡಾರ ಹೂಡಿದ ಸಂಗತಿಯನ್ನೇ ಬರೆಯುವುದು ತಕ್ಕದ್ದೆಂದು ನಮಗೆ ತೋಚಿತು.

ಈ ಶಾಲೆಯ ಮುಖ್ಯೋಪಾಧ್ಯಾಯಿನಿಯ ಭಾರವು ನಮ್ಮ ಮೇಲೆ ಬೀಳುವ ಮುಂಚೆ, 2022ನೇ ಇಸವಿಯ ಸಪ್ಟೆಂಬರ್ ತಿಂಗಳಿನಿಂದ 2024ನೇ ಇಸವಿಯ ಆಗಸ್ಟ್ ತಿಂಗಳಿನ ವರೆಗೆ, ಉಪಾಧ್ಯಾಯರ ಶಿಕ್ಷಣ ಕ್ರಮವನ್ನು ಅಭ್ಯಾಸಮಾಡುವ ನಿಮಿತ್ತ ನಾವು ಜರ್ಮನಿಯ ಟ್ಯೂಬಿಂಗೆನ್ ಎಂಬ ಪಟ್ಟಣದಲ್ಲಿ ಇದ್ದೆವು. ಸ್ಟುಟ್‌ಗಾರ್ಟ್ ನಗರದ ತೆಂಕಣಕ್ಕೆ, ನೆಕ್ಕರ್ ಎಂಬ ನದಿಯ ದಡದಲ್ಲಿ, ಗುಡ್ಡಗಳ ನಡುವೆ ಇರುವ ಊರಿದು. ನಿವಾಸಿಗಳು ಸುಮಾರು 90,000. ಇಲ್ಲಿಯ ವಿಶ್ವವಿದ್ಯಾನಿಲಯವು 1477ರಲ್ಲಿ ಸ್ಥಾಪಿತವಾದದ್ದು. ಅದರ ವಿದ್ಯಾರ್ಥಿಗಳೇ ಇಪ್ಪತ್ತೈದು ಸಾವಿರಕ್ಕೆ ಮೇಲ್ಪಟ್ಟಿರುವರು. ಇಂಥ ಊರಲ್ಲಿ ಬಾಡಿಗೆಗೆ ಮನೆ ಹುಡುಕುವವರು ಎಷ್ಟು ಮಂದಿ ಇರಬಹುದೆಂಬುದನ್ನು ವಾಚಕರೇ ಊಹಿಸಬಹುದು. ಮೊದಲಿನ ಆರು ವಾರ ಅತಿಥಿಗೃಹವೊಂದರಲ್ಲಿ ನಮಗೆ ಸ್ಥಳ ದೊರಕಿತ್ತು. ತರುವಾಯ ನಮ್ಮ ದಾರಿಯನ್ನು ನಾವೇ ನೋಡಿಕೊಳ್ಳಬೇಕಾಯಿತು.

ಅಲ್ಲಿಯ ಬಾಡಿಗೆಮನೆಗಳ ಪ್ರಕಟನೆಗಳನ್ನು ಓದಿ ತಿಳಿದುಕೊಳ್ಳುವುದೇ ಒಂದು ವಿದ್ಯೆ. ನಮ್ಮಲ್ಲಿ ಮಲಗುವ ಕೋಣೆಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತೇವೆ. ಅವರು ಅಡಿಗೆಮನೆ ಬಚ್ಚಲುಮನೆಗಳನ್ನು ಬಿಟ್ಟು ಉಳಿದೆಲ್ಲಾ ಕೋಣೆಗಳನ್ನು ಎಣಿಸುತ್ತಾರೆ. ಆದುದರಿಂದ ಅವರ ಎರಡು ಕೋಣೆಯ ಮನೆಯು ನಮ್ಮ ಒಂದು ಕೋಣೆಯ ಮನೆ. ಬಾಡಿಗೆಯಲ್ಲಿಯೂ ಎರಡು ಬಗೆ ಉಂಟು: ಒಂದು ತಣ್ಣನೆಯ ಬಾಡಿಗೆ, ಇನ್ನೊಂದು ಬೆಚ್ಚನೆಯ ಬಾಡಿಗೆ. ಬರಿಯ ಗೋಡೆ ಮಾಡುಗಳಿಗೆ ಕೊಡುವಂಥದು ತಣ್ಣನೆಯದು. ಮನೆ ಕಾಯಿಸುವ ವೆಚ್ಚ, ನೀರು, ಕಸ ಸಾಗಿಸುವ ಖರ್ಚು ಮುಂತಾದವನ್ನು ಕೂಡಿಸಿದರೆ ಬೆಚ್ಚನೆಯದು. ಹೆಚ್ಚಾಗಿ ವಿದ್ಯುತ್ತಿನ ಲೆಕ್ಕವು ಇದರಲ್ಲಿಯೂ ಸೇರದೆ ಬೇರೆಯಾಗಿ ಉಳಿಯುತ್ತದೆ. ಈಡಿನ ಹಣದ ವಿಷಯದಲ್ಲಿ ಮಾತ್ರ ಅಲ್ಲಿಯ ಕಾನೂನು ಬಾಡಿಗೆದಾರರ ಮೇಲೆ ದಯೆಯುಳ್ಳದ್ದು. ಮೂರು ತಿಂಗಳ ತಣ್ಣನೆಯ ಬಾಡಿಗೆಗಿಂತ ಹೆಚ್ಚನ್ನು ಯಾರೂ ಕೇಳಕೂಡದು. ಅದನ್ನು ಮೂರು ಕಂತುಗಳಲ್ಲಿ ಕೊಡುವ ಹಕ್ಕು ನಮಗುಂಟು. ಮನೆಯ ಯಜಮಾನನು ಆ ಹಣವನ್ನು ತನ್ನ ಸ್ವಂತ ಹಣದೊಂದಿಗೆ ಬೆರಸದೆ ಬೇರೆ ಇಡಬೇಕು, ಬಡ್ಡಿಯೂ ಬಾಡಿಗೆದಾರನಿಗೇ ಸಲ್ಲತಕ್ಕದ್ದು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಎಣಿಸಿಕೊಟ್ಟು ಅನುಭವವಿದ್ದವರಿಗೆ ಇದು ಆಶ್ಚರ್ಯವಾಗಿ ತೋರದಿರದು.

ಇಷ್ಟಾದರೂ ನಾವು ನೋಡಿದ ಮನೆಗಳಲ್ಲಿ ಹದಿಮೂರು ನಮ್ಮ ಕೈಗೆ ಬಾರದೆ ಹೋದವು. ಅವುಗಳಲ್ಲಿ ಹೆಚ್ಚಿನವು ಸಿಕ್ಕದ್ದಕ್ಕೆ ಕಾರಣ ಸರಳ: ಒಂದು ಮನೆಗೆ ನಲುವತ್ತು ಮಂದಿ ಕೇಳುವವರಿದ್ದರೆ ಮೂವತ್ತೊಂಬತ್ತು ಮಂದಿ ಬರಿಗೈಯಲ್ಲಿ ಹಿಂದಿರುಗಲೇಬೇಕು. ಆದರೆ ಎರಡು ಸಾರಿ ಟೆಲಿಫೋನಿನಲ್ಲಿ ನಮ್ಮ ಹೆಸರು ಹೇಳಿದ ಕೂಡಲೆ "ಮನೆ ಕೊಟ್ಟಾಯಿತು" ಎಂಬ ಉತ್ತರ ಬಂತು. ಅದೇ ಮನೆಯನ್ನು ಕುರಿತು ನಮ್ಮ ಜರ್ಮನ್ ಗೆಳತಿಯು ಅರ್ಧ ತಾಸಿನ ಮೇಲೆ ಕೇಳಿದಾಗ, ಬಂದು ನೋಡಬಹುದೆಂದು ಹೇಳಿದರು. ಜನಾಂಗವನ್ನು ನೋಡಿ ಭೇದ ಮಾಡುವುದನ್ನು ನಿಷೇಧಿಸುವ ಕಾನೂನು ಆ ದೇಶದಲ್ಲಿ 2006ರಿಂದ ಜಾರಿಯಲ್ಲಿದೆ. ಆದರೂ ಕಾನೂನಿನ ಕಿವಿಗೆ ಕೇಳಿಸದಂತೆ ಬಾಗಿಲು ಮುಚ್ಚುವವರು ಎಲ್ಲಾ ದೇಶಗಳಲ್ಲಿಯೂ ಇದ್ದಾರೆ. ನಮಗೆ ನೋವಾಗಲಿಲ್ಲವೆಂದು ಹೇಳಲಾರೆವು. ಹಾಗೆಂದು ಅದು ನಮಗೆ ಹೊಸ ನೋವೂ ಆಗಿರಲಿಲ್ಲ. ನಮ್ಮದೇ ರಾಜ್ಯದಲ್ಲಿ, ನಮ್ಮದೇ ಭಾಷೆಯಲ್ಲಿ, "ನೀವು ಯಾವ ಜನ? ಮಾಂಸ ಬೇಯಿಸುವಿರೋ? ಒಬ್ಬರೇ ಇರುವಿರೋ, ಯಜಮಾನರು ಇಲ್ಲವೋ?" ಎಂಬ ಮೂರು ಪ್ರಶ್ನೆಗಳನ್ನು ಹೊಸ್ತಿಲಿನ ಹೊರಗೆ ನಿಂತು ಎಷ್ಟೋ ಸಾರಿ ಕೇಳಿಸಿಕೊಂಡವರು ನಾವು. ಬೇರೆಯವರ ಬಾಗಿಲನ್ನು ದೂರುವಾಗ ನಮ್ಮ ಊರಿನ ಬಾಗಿಲುಗಳನ್ನೂ ನೆನಸಿಕೊಳ್ಳುವುದು ನ್ಯಾಯ.

ಹದಿನಾಲ್ಕನೆಯ ಮನೆಯು ಒಂದು ಹಳೇ ಕಟ್ಟಡದ ಮೊದಲನೇ ಮಹಡಿಯಲ್ಲಿತ್ತು. ವಿಸ್ತಾರ 45 ಚದರ ಮೀಟರು. ತಣ್ಣನೆಯ ಬಾಡಿಗೆ 620 ಯೂರೋ. ಮನೆಯ ಯಜಮಾನಿಯು ನಮ್ಮನ್ನು ಕೇಳಿದ್ದೂ ಮೂರೇ ಪ್ರಶ್ನೆ. ನಾಯಿ ಸಾಕುವಿರೋ? ವಾದ್ಯ ಬಾರಿಸುವಿರೋ? ಸರದಿಯ ಪ್ರಕಾರ ಮೆಟ್ಟಿಲು ಗುಡಿಸುವುದಕ್ಕೆ ಒಪ್ಪುವಿರೋ? ಮೊದಲಿನ ಎರಡಕ್ಕೆ ಇಲ್ಲವೆಂದೂ ಮೂರನೆಯದಕ್ಕೆ ಆಗಲೆಂದೂ ಹೇಳಿದೆವು. ಮೂರನೆಯ ಪ್ರಶ್ನೆಯ ಅರ್ಥವು ಎಷ್ಟು ದೊಡ್ಡದೆಂಬುದು ಮುಂದೆ ತಿಳಿಯಬೇಕಾಗಿತ್ತು.

ನವಂಬರ್ ಮೊದಲನೆಯ ವಾರದಲ್ಲಿ ಬೀಗದ ಕೈಯನ್ನು ಪಡೆದುಕೊಂಡೆವು. ಆ ದೇಶದಲ್ಲಿ ಖಾಲಿ ಮನೆಯೆಂದರೆ ನಿಜವಾಗಿಯೂ ಖಾಲಿ ಮನೆ. ದೀಪದ ಬುರುಡೆಗಳಿಲ್ಲದೆ ಮಾಡಿನಿಂದ ತಂತಿಗಳು ಮಾತ್ರ ಜೋಲುತ್ತವೆ. ಅನೇಕ ಮನೆಗಳಲ್ಲಿ ಅಡಿಗೆಮನೆಯೆಂಬ ಕೋಣೆ ಇರುವುದೇ ಹೊರತು ಒಲೆಯಾಗಲಿ ಪಾತ್ರೆ ತೊಳೆಯುವ ತೊಟ್ಟಿಯಾಗಲಿ ಇರುವುದಿಲ್ಲ. ಬಿಟ್ಟುಹೋಗುವವರು ತಮ್ಮ ಅಡಿಗೆಮನೆಯ ಸಾಮಾನನ್ನೆಲ್ಲಾ ಕಳಚಿಕೊಂಡು ಹೋಗುತ್ತಾರೆ, ಇಲ್ಲವೆ ಬರುವವರಿಗೆ ಕ್ರಯಕ್ಕೆ ಕೊಡುತ್ತಾರೆ. ನಾವು ಹಿಂದಿನ ಬಾಡಿಗೆದಾರರಿಂದ ಒಲೆಯನ್ನೂ ತೊಟ್ಟಿಯನ್ನೂ ಒಂದು ಕಪಾಟನ್ನೂ ಕೊಂಡುಕೊಂಡೆವು. ಒಳಗೆ ಹೋಗುವ ಮುಂಚೆ ಯಜಮಾನಿಯೊಂದಿಗೆ ಕೋಣೆ ಕೋಣೆಯಾಗಿ ನಡೆದು, ಗೋಡೆಯ ಪ್ರತಿಯೊಂದು ಗೀರನ್ನೂ ನೆಲದ ಪ್ರತಿಯೊಂದು ಕಲೆಯನ್ನೂ ನೀರು ವಿದ್ಯುತ್ತುಗಳ ಮೀಟರಿನ ಅಂಕೆಗಳನ್ನೂ ಕೊಟ್ಟ ಬೀಗದ ಕೈಗಳ ಸಂಖ್ಯೆಯನ್ನೂ ಬರೆದು ಇಬ್ಬರೂ ರುಜು ಹಾಕಿದೆವು. ಮದುವೆಯ ಮನೆಯಲ್ಲಿ ಪಾತ್ರೆ ಎಣಿಸುವ ಅತ್ತೆಯಂತೆ ಇವರು ಯಾಕೆ ಇಷ್ಟು ಬಿಗಿಯೆಂದು ಆಗ ಅನಿಸಬಹುದು. ಆದರೆ ಆ ಕಾಗದವು ಬಾಡಿಗೆದಾರರಿಗೇ ರಕ್ಷೆ. ಬರುವಾಗಲೇ ಇದ್ದ ಗೀರಿಗೆ ಹೋಗುವಾಗ ದಂಡ ತೆರಬೇಕಾಗುವುದಿಲ್ಲ. ಕಟ್ಟಡದ ಮುಂಬಾಗಿಲಿಗೂ ಮನೆಯ ಬಾಗಿಲಿಗೂ ಒಂದೇ ಬೀಗದ ಕೈ ಒಪ್ಪುವಂಥ ವ್ಯವಸ್ಥೆಯಿದ್ದಲ್ಲಿ, ಅದು ಕಳೆದುಹೋದರೆ ಎಲ್ಲಾ ಬೀಗಗಳನ್ನು ಬದಲಿಸುವ ವೆಚ್ಚವೂ ಮೇಲೆ ಬರಬಹುದು. ಹೀಗಿರುವುದರಿಂದ ಅದನ್ನು ಜೋಪಾನಮಾಡಬೇಕು.

ಇನ್ನು ಹೆಸರಿನ ಸಂಗತಿ. ಆ ದೇಶದ ವಿಳಾಸದಲ್ಲಿ ಬೀದಿಯ ಹೆಸರೂ ಕಟ್ಟಡದ ಸಂಖ್ಯೆಯೂ ಇರುವುದಲ್ಲದೆ, ಕಟ್ಟಡದೊಳಗಿನ ಮನೆಯ ಸಂಖ್ಯೆಯು ಸಾಧಾರಣವಾಗಿ ಇರುವುದಿಲ್ಲ. ಅಂಚೆಯವನು ಕರೆಗಂಟೆಯ ಮೇಲೂ ಪತ್ರದ ಪೆಟ್ಟಿಗೆಯ ಮೇಲೂ ಬರೆದಿರುವ ಹೆಸರನ್ನು ನೋಡಿಯೇ ಕಾಗದ ಹಾಕುತ್ತಾನೆ. ಹೆಸರು ಅಲ್ಲಿ ಇಲ್ಲದಿದ್ದರೆ, ನೀವು ಕಿಟಕಿಯಲ್ಲಿ ನಿಂತು ಕೈಬೀಸುತ್ತಿದ್ದರೂ ನಿಮ್ಮ ಪತ್ರವು ಹಿಂದಿರುಗಿ ಹೋಗುವುದು. ಬೇಂಕು, ಆಸ್ಪತ್ರೆಯ ವಿಮೆ, ಪರದೇಶಸ್ಥರ ಕಚೇರಿ ಇವೆಲ್ಲವೂ ಕಾಗದದಿಂದಲೇ ಮಾತಾಡುವ ಆ ದೇಶದಲ್ಲಿ, ಗಂಟೆಯ ಮೇಲೆ ಹೆಸರಿಲ್ಲದವರು ಇದ್ದೂ ಇಲ್ಲದವರು. ಇದಲ್ಲದೆ ಹೊಸ ಮನೆಗೆ ಹೋದ ಎರಡು ವಾರಗಳೊಳಗೆ ಊರಿನ ಕಚೇರಿಗೆ ಹೋಗಿ ಹೆಸರು ದಾಖಲೆಮಾಡಿಸಬೇಕು; ಅದಕ್ಕೆ ಮನೆಯ ಯಜಮಾನಿಯು ಬರೆದುಕೊಟ್ಟ ಪ್ರಮಾಣಪತ್ರವೂ ಬೇಕು. ದಾಖಲೆಯಲ್ಲಿ ಮತ ಯಾವುದೆಂದೂ ಕೇಳುತ್ತಾರೆ. ಅದು ಜಾತಿ ವಿಚಾರಿಸುವುದಲ್ಲ. ಸಭೆಗಳಿಗೆ ಸೇರಿದವರಿಂದ ಸರಕಾರವೇ ಸಭೆಯ ತೆರಿಗೆಯನ್ನು ವಸೂಲುಮಾಡುವ ಪದ್ಧತಿ ಅಲ್ಲಿ ಉಂಟು. ಆ ಪ್ರಾಂತದಲ್ಲಿ ಅದು ಆದಾಯದ ತೆರಿಗೆಯ ಮೇಲೆ ನೂರಕ್ಕೆ 8. ಕೆಲಸಕ್ಕೆ ಹೋಗುವ ನಮ್ಮ ಹುಡುಗಿಯರು ಇದನ್ನು ಮುಂದಾಗಿ ತಿಳಿದಿರುವುದು ಒಳ್ಳೇದು.

ನಮ್ಮ ಹೆಸರಿನ ಮುಂದೆ ಊರಿನದೊಂದು, ತಂದೆಯದೊಂದು, ಎರಡು ಅಕ್ಷರಗಳಿವೆ. ಮನೆತನದ ಹೆಸರು ಎಲ್ಲಿ ಎಂದು ಕಚೇರಿಯ ಗುಮಾಸ್ತೆ ಕೇಳಿದಳು. ರಹದಾರಿ ಪುಸ್ತಕದಲ್ಲಿ ಆ ಸ್ಥಳದಲ್ಲಿ ತಂದೆಯ ಹೆಸರಿದ್ದುದರಿಂದ, ಅದರ ಪ್ರಕಾರವೇ ದಾಖಲೆಯಾಯಿತು. ಮರುದಿವಸ ಕರೆಗಂಟೆಯ ಮೇಲೆ, ಆರು ಹೆಸರುಗಳ ನಡುವೆ, ತೀರಿಹೋಗಿ ಹನ್ನೊಂದು ವರ್ಷವಾದ ನಮ್ಮ ತಂದೆಯವರ ಹೆಸರನ್ನು ಕಂಡೆವು. ಹಳ್ಳಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ಕಲಿಸಿ, ಮಂಗಳೂರಿಗಿಂತ ಆಚೆಗೆ ಹೋಗದೆ ಇದ್ದವರು ಅವರು. ಆ ಸಣ್ಣ ತಗಡಿನ ಮುಂದೆ ನಾವು ಬೇಕಾದುದಕ್ಕಿಂತ ಹೆಚ್ಚು ಹೊತ್ತು ನಿಂತೆವೆಂದು ಒಪ್ಪಿಕೊಳ್ಳುವುದರಲ್ಲಿ ನಾಚಿಕೆಯಿಲ್ಲ.

ನಾವು ಮನೆ ಹೊಕ್ಕದ್ದು ಶನಿವಾರ. ನಮ್ಮ ನಾಡಿನಲ್ಲಿ ಹೊಸ ಮನೆಯಲ್ಲಿ ಹಾಲು ಉಕ್ಕಿಸುವ ರೂಢಿಯುಂಟಷ್ಟೆ. ಆ ದೇಶದಲ್ಲಿ ಹೊಸದಾಗಿ ಬಂದವರಿಗೆ ರೊಟ್ಟಿಯನ್ನೂ ಉಪ್ಪನ್ನೂ ಕೊಡುವ ರೂಢಿ. ನೆಲದ ಅಂತಸ್ತಿನಲ್ಲಿ ಒಬ್ಬರೇ ಇದ್ದ ಎಂಬತ್ತು ವರ್ಷದ ಅಜ್ಜಿಯವರು ಸಾಯಂಕಾಲ ಮೇಲೆ ಬಂದು, ಬಟ್ಟೆಯಲ್ಲಿ ಸುತ್ತಿದ ಒಂದು ರೊಟ್ಟಿಯನ್ನೂ ಸಣ್ಣ ಕುಪ್ಪಿಯಲ್ಲಿ ಉಪ್ಪನ್ನೂ ನಮ್ಮ ಕೈಯಲ್ಲಿಟ್ಟರು. ಉಪ್ಪಿನ ಋಣವೆಂಬ ಮಾತು ನಮ್ಮಲ್ಲಿರುವುದನ್ನು ನಮ್ಮ ಮುರುಕು ಜರ್ಮನ್ ಭಾಷೆಯಲ್ಲಿ ತಿಳಿಸಲು ಪ್ರಯತ್ನಿಸಿದೆವು. ಅವರಿಗೆ ಎಷ್ಟು ಅರ್ಥವಾಯಿತೋ ಅರಿಯೆವು. ಆದರೆ ನಾಳೆ ಆದಿತ್ಯವಾರ, ಅಂಗಡಿಗಳು ತೆರೆಯುವುದಿಲ್ಲ, ಗೋಡೆಗೆ ಮೊಳೆ ಹೊಡೆಯಕೂಡದು, ಖಾಲಿ ಕುಪ್ಪಿಗಳನ್ನು ಬೀದಿಯ ಡಬ್ಬಕ್ಕೆ ಹಾಕಿ ಸದ್ದು ಮಾಡಕೂಡದು, ರಾತ್ರಿ ಹತ್ತರ ಮೇಲೆ ಮೌನ ಎಂಬುದನ್ನೆಲ್ಲಾ ಅವರು ಬೆರಳು ಮಡಚುತ್ತಾ ಹೇಳಿದ್ದು ನಮಗೆ ಚೆನ್ನಾಗಿ ಅರ್ಥವಾಯಿತು. ವಸತಿಗೃಹದ ಮೇಲ್ವಿಚಾರಕಿಯ ಮಾತು ಯಾವ ಭಾಷೆಯಲ್ಲಿದ್ದರೂ ಒಂದೇ.

ಆ ಚಳಿಗಾಲದ ಮುಖ್ಯ ಪಾಠವು ಗಾಳಿ ಮತ್ತು ಹಬೆಗಳದ್ದು. ಇದನ್ನು ಸ್ವಲ್ಪ ವಿಸ್ತರಿಸಿ ಬರೆಯುತ್ತೇವೆ, ಯಾಕಂದರೆ ಹೊಸದಾಗಿ ಹೋದವರಿಗೂ ಮನೆಯವರಿಗೂ ಜಗಳ ಹುಟ್ಟುವುದು ಹೆಚ್ಚಾಗಿ ಇದರಿಂದಲೇ. ನಮ್ಮ ಕರಾವಳಿಯ ಮನೆಗಳ ಮೇಲೆ, ಬಾಸೆಲ್ ಮಿಶನಿನವರು 1865ರಲ್ಲಿ ಮಂಗಳೂರಿನಲ್ಲಿ ಸುಡಲಾರಂಭಿಸಿದ ಬಗೆಯ ಹಂಚು ಇರುತ್ತದೆ. ಹಂಚುಗಳ ಸಂದಿನಿಂದ ಹೊಗೆಯೂ ಹಬೆಯೂ ತಾನಾಗಿ ಹೊರಟುಹೋಗುವುದು; ನಾವು ಅದನ್ನು ಕುರಿತು ಯೋಚಿಸುವುದೇ ಇಲ್ಲ. ಅಲ್ಲಿಯ ಮನೆಗಳು ಬಿಸಿಯು ಹೊರಗೆ ಹೋಗದಂತೆ ಡಬ್ಬಿಯ ಮುಚ್ಚಳದ ಹಾಗೆ ಬಿಗಿಯಾಗಿ ಮುಚ್ಚಲ್ಪಟ್ಟವು. ಕುಚ್ಚಲಕ್ಕಿಯ ಗಂಜಿಯನ್ನು ಮುಕ್ಕಾಲು ತಾಸು ಕುದಿಸಿ, ಬಿಸಿನೀರಿನ ಸ್ನಾನ ಮಾಡಿ, ಒಗೆದ ಸೀರೆಯನ್ನು ಕೋಣೆಯಲ್ಲೇ ಒಣಗಹಾಕಿದರೆ ಆ ನೀರೆಲ್ಲಾ ಎಲ್ಲಿಗೆ ಹೋಗಬೇಕು? ತಣ್ಣೀರು ತುಂಬಿದ ಲೋಟದ ಹೊರಮೈಯಲ್ಲಿ ಹನಿಗಳು ಮೂಡುವುದನ್ನು ಐದನೇ ತರಗತಿಯ ಮಕ್ಕಳಿಗೆ ತೋರಿಸುತ್ತೇವಲ್ಲವೇ? ಅದೇ ಪ್ರಕಾರ ಹಬೆಯು ಹೊರಗಿನ ಚಳಿಯಿಂದ ತಣ್ಣಗಾದ ಗೋಡೆಯ ಮೂಲೆಯಲ್ಲಿ ನೀರಾಗಿ ಕೂಡುವುದು. ಕೆಲವು ವಾರಗಳಲ್ಲಿ ಅಲ್ಲಿ ಕರೀ ಬೂಷ್ಟು ಹಿಡಿಯುವುದು. ಅದು ಗೋಡೆಗೂ ಕೇಡು, ಉಸಿರಿಗೂ ಕೇಡು.

ಇದಕ್ಕೆ ಪರಿಹಾರವು ಕಿಟಕಿಯಲ್ಲಿಯೇ ಇದೆ. ಅಲ್ಲಿಯ ಕಿಟಕಿಯ ಹಿಡಿ ಕೆಳಕ್ಕಿದ್ದರೆ ಮುಚ್ಚಿರುವುದು, ಅಡ್ಡಲಾಗಿದ್ದರೆ ಪೂರಾ ತೆರೆಯುವುದು, ಮೇಲಕ್ಕಿದ್ದರೆ ತುದಿಯಲ್ಲಿ ಮಾತ್ರ ಒಳಕ್ಕೆ ವಾಲುವುದು. ಚಳಿಗಾಲದಲ್ಲಿ ದಿನಕ್ಕೆ ಮೂರು ನಾಲ್ಕು ಸಾರಿ, ಕಾಯಿಸುವ ಯಂತ್ರವನ್ನು ಇಳಿಸಿ, ಎಲ್ಲಾ ಕಿಟಕಿಗಳನ್ನು ಐದು ಹತ್ತು ನಿಮಿಷ ಪೂರಾ ತೆರೆದಿಟ್ಟು ಮತ್ತೆ ಮುಚ್ಚಬೇಕು. ಹಳೇ ಗಾಳಿಯು ಹೊರಟುಹೋಗಿ ಒಣಗಿದ ಚಳಿಗಾಳಿಯು ಒಳಗೆ ಬರುವುದು. ಗೋಡೆಗಳಲ್ಲಿ ಬಿಸಿಯು ಉಳಿದಿರುವುದರಿಂದ ಕೋಣೆ ಬೇಗನೆ ಬೆಚ್ಚಗಾಗುವುದು. ದಿನವೆಲ್ಲಾ ಸ್ವಲ್ಪ ಸ್ವಲ್ಪವೇ ವಾಲಿಸಿಟ್ಟರೆ ಬಿಸಿಯು ವ್ಯರ್ಥ, ಗೋಡೆಯೂ ತಣ್ಣಗಾಗುವುದು. ಕಾಯಿಸುವ ಯಂತ್ರದ ತಿರುಪಿನ ಮೇಲೆ 1ರಿಂದ 5ರ ವರೆಗೆ ಅಂಕೆಗಳಿವೆ. 5ಕ್ಕೆ ತಿರುಗಿಸಿದರೆ ಕೋಣೆಯು ಬೇಗ ಕಾಯುತ್ತದೆಂದು ಅನೇಕರು ಭ್ರಮಿಸುತ್ತಾರೆ. ಹಾಗಲ್ಲ, ಆ ಅಂಕೆಯು ವೇಗವನ್ನಲ್ಲ, ಎಷ್ಟು ಬೆಚ್ಚಗಾದ ಮೇಲೆ ನಿಲ್ಲಬೇಕೆಂಬುದನ್ನು ತೋರಿಸುವುದು. 3 ಎಂದರೆ ಸುಮಾರು 20 ಡಿಗ್ರಿ. ವಾಸಕ್ಕೆ ಅಷ್ಟು ಸಾಕು. ಕಾಯಿಸುವ ವೆಚ್ಚದಲ್ಲಿ ನೂರಕ್ಕೆ 50ರಿಂದ 70ರಷ್ಟು ಭಾಗವನ್ನು ಅವರವರು ಉಪಯೋಗಿಸಿದ ಪ್ರಮಾಣಕ್ಕೆ ಸರಿಯಾಗಿ ಹಂಚುತ್ತಾರೆ. ಲೆಕ್ಕದ ಕಾಗದವು ಬಹು ತಡವಾಗಿ, ವರ್ಷ ಮುಗಿದ ಮೇಲೆ ಬರುವುದರಿಂದ ಅದಕ್ಕಾಗಿ ಹಣ ತೆಗೆದಿಡಬೇಕು. ನಾವು ಹೋದ ಚಳಿಗಾಲವಾದರೋ ಯೂಕ್ರೇನಿನ ಯುದ್ಧದ ನಿಮಿತ್ತ ಅನಿಲದ ಬೆಲೆಯು ಮಿತಿಮೀರಿದ ಕಾಲ. ಸರಕಾರದ ಕಚೇರಿಗಳನ್ನು ಕೂಡಾ 19 ಡಿಗ್ರಿಗಿಂತ ಹೆಚ್ಚು ಕಾಯಿಸಬಾರದೆಂಬ ನಿಯಮವನ್ನು 2022ರ ಸಪ್ಟೆಂಬರಿನಲ್ಲಿ ಮಾಡಿದ್ದರು. ಕಂಬಳಿ ಹೊದ್ದು ಓದುವುದು ಆ ವರ್ಷ ಬಡತನದ ಗುರುತಾಗಿರದೆ ನಾಗರಿಕತೆಯ ಗುರುತಾಗಿತ್ತು.

ಕಸದ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ತರಕಾರಿ ಸಿಪ್ಪೆ ಒಂದು ಡಬ್ಬಕ್ಕೆ, ಕಾಗದ ಒಂದಕ್ಕೆ, ಕಟ್ಟಿನ ಪ್ಲಾಸ್ಟಿಕ್ಕು ಮತ್ತು ತಗಡು ಒಂದಕ್ಕೆ, ಉಳಿದದ್ದು ಇನ್ನೊಂದಕ್ಕೆ. ಗಾಜನ್ನು ಬಿಳಿ, ಹಸುರು, ಕಂದು ಎಂದು ಬಣ್ಣದ ಪ್ರಕಾರ ವಿಂಗಡಿಸಬೇಕು. ಒಂದೇ ಸಾರಿ ಉಪಯೋಗಿಸುವ ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟಿನ ಈಡು ಉಂಟು; ಅಂಗಡಿಯ ಯಂತ್ರಕ್ಕೆ ಹಿಂದಿರುಗಿಸಿದರೆ ಹಣ ಮರಳುವುದು. ಟ್ಯೂಬಿಂಗೆನ್ ಪಟ್ಟಣದವರು ಇದಕ್ಕೂ ಒಂದು ಹೆಜ್ಜೆ ಮುಂದೆ ಹೋಗಿ, ಬಳಸಿ ಬಿಸಾಡುವ ಲೋಟಕ್ಕೆ 50 ಸೆಂಟಿನ ತೆರಿಗೆಯನ್ನು 2022ರ ಜನವರಿಯಿಂದ ಹಾಕಿದ್ದಾರೆ.

ಈಗ ಮೆಟ್ಟಿಲು ಗುಡಿಸುವ ಸಂಗತಿಗೆ ಬರುತ್ತೇವೆ. ಶ್ವಾಬರ ಸೀಮೆಯೆಂದು ಕರೆಯಲ್ಪಡುವ ಆ ಪ್ರದೇಶದಲ್ಲಿ ಇದಕ್ಕೆ ಕೇರ್‌ವೋಖೆ, ಅಂದರೆ ಗುಡಿಸುವ ವಾರ, ಎಂಬ ಹೆಸರು. ಇದರ ಮೂಲವನ್ನು 1492ರ ವರೆಗೆ ಹಿಂದಕ್ಕೆ ಒಯ್ಯುತ್ತಾರೆ. ಆ ವರ್ಷದ ಸ್ಟುಟ್‌ಗಾರ್ಟಿನ ಕಟ್ಟಳೆಯಲ್ಲಿ ಪ್ರತಿಯೊಬ್ಬನೂ ತನ್ನ ಕಸವನ್ನು ವಾರಕ್ಕೊಮ್ಮೆ ಊರ ಹೊರಗೆ ಸಾಗಿಸಬೇಕೆಂದು ಎಬರ್‌ಹಾರ್ಡ್ ಎಂಬ ಅರಸನು ವಿಧಿಸಿದನು. ಟ್ಯೂಬಿಂಗೆನಿನ ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದವನೂ ಇವನೇ. ವಿದ್ಯೆಗೂ ಹಿಡಿಸೂಡಿಗೂ ಒಬ್ಬನೇ ಪೋಷಕನಾದದ್ದು ಉಪಾಧ್ಯಾಯಿನಿಯರಾದ ನಮಗೆ ಬಹಳ ಮೆಚ್ಚಿಕೆಯಾಯಿತು. ಸಣ್ಣ ಸರದಿಯೆಂದರೆ ತಮ್ಮ ಮಹಡಿಯ ಮೆಟ್ಟಿಲುಗಳನ್ನು ಗುಡಿಸಿ ಒರಸುವುದು. ದೊಡ್ಡ ಸರದಿಯೆಂದರೆ ಮುಂಬಾಗಿಲು, ನೆಲಮಾಳಿಗೆ, ಕಟ್ಟಡದ ಮುಂದಿನ ಕಾಲುದಾರಿ, ಹಿಮ ಬಿದ್ದರೆ ಜನರು ಕೆಲಸಕ್ಕೆ ಹೊರಡುವ ಮುಂಚೆ ಅದನ್ನು ತೋಡಿ ತೆಗೆಯುವುದು. ಯಾರ ಸರದಿಯೋ ಅವರ ಬಾಗಿಲಿನಲ್ಲಿ ಒಂದು ಮರದ ಹಲಗೆಯು ತೂಗುತ್ತದೆ. ವಾರ ಮುಗಿದ ಕೂಡಲೆ ಅದನ್ನು ಮುಂದಿನ ಮನೆಯ ಬಾಗಿಲಿಗೆ ತಗಲಿಸಬೇಕು.

ನಮ್ಮ ಕಟ್ಟಡದಲ್ಲಿ ಆರು ಮನೆಗಳಿದ್ದವು: ನೆಲದ ಅಂತಸ್ತಿನ ಅಜ್ಜಿಯವರು, ನಿವೃತ್ತರಾದ ವೈದ್ಯರೊಬ್ಬರು, ತುರ್ಕಿ ದೇಶದಿಂದ ಬಂದ ತಂದೆತಾಯಿಗಳಿಗೆ ಅಲ್ಲಿಯೇ ಹುಟ್ಟಿ ಬಸ್ಸು ನಡಿಸುವವನೊಬ್ಬನ ಕುಟುಂಬ, ಸಂಶೋಧನೆ ಮಾಡುವ ಇಬ್ಬರು ವಿದ್ಯಾರ್ಥಿಗಳು, ಯುದ್ಧದ ದೆಸೆಯಿಂದ ಮಗನೊಬ್ಬನನ್ನು ಕರೆದುಕೊಂಡು ಯೂಕ್ರೇನಿನಿಂದ ಬಂದ ತಾಯಿ, ಮತ್ತು ನಾವು. ಹಲಗೆಯು ಈ ಆರು ಬಾಗಿಲುಗಳಿಗೂ ಸಮನಾಗಿ ಬರುತ್ತಿತ್ತು. ನಮ್ಮ ನಾಡಿನಲ್ಲಿ ಎಲ್ಲರೂ ಹತ್ತಿ ಇಳಿಯುವ ಮೆಟ್ಟಿಲನ್ನು ಗುಡಿಸುವವಳು ಬೆಳಿಗ್ಗೆ ಆರಕ್ಕೆ ಬಂದು ಹೋಗುತ್ತಾಳೆ. ಅವಳ ಹೆಸರು ಕಟ್ಟಡದಲ್ಲಿ ಎಷ್ಟು ಮಂದಿಗೆ ಗೊತ್ತು? ಅವಳಿಗೆ ಮನೆ ಬಾಡಿಗೆಗೆ ಕೊಡುವವರೆಷ್ಟು? ಎಪ್ಪತ್ತು ದಾಟಿದ ವೈದ್ಯರು ಬಕೆಟು ಹಿಡಿದು ಮೊಣಕಾಲೂರಿ ಮೆಟ್ಟಿಲ ಮೂಲೆಯನ್ನು ಒರಸುವುದನ್ನು ಮೊದಲನೆಯ ಸಾರಿ ಕಂಡ ದಿವಸ ಈ ಪ್ರಶ್ನೆಗಳು ನಮ್ಮನ್ನು ಬಿಡಲಿಲ್ಲ. ಈಗಲೂ ಬಿಟ್ಟಿಲ್ಲ.

ಆ ಹಲಗೆಯನ್ನು ಹಂಗಿಸುವವರೂ ಅಲ್ಲಿ ಇದ್ದಾರೆ. ನೆರೆಯವರ ಧೂಳನ್ನು ಅಳೆಯುವ ಕೋಲು ಅದು ಎಂಬುದಾಗಿ ಆ ಜನರೇ ನಗೆಯಾಡುತ್ತಾರೆ. ಆದರೆ ಅದರಿಂದ ಬೇರೊಂದು ಪ್ರಯೋಜನವನ್ನು ನಾವು ಕಂಡೆವು. 2024ರ ಫೆಬ್ರವರಿಯಲ್ಲಿ ಅಜ್ಜಿಯವರ ದೊಡ್ಡ ಸರದಿ; ಅವರ ತರುವಾಯ ನಮ್ಮದು. ಆದಿತ್ಯವಾರ ಸಾಯಂಕಾಲ ಆರು ಗಂಟೆಗೆ ಹಲಗೆಯು ನಮ್ಮ ಬಾಗಿಲಿನಲ್ಲಿ ತಟ್ಟನೆ ಸದ್ದುಮಾಡುವುದು ತಪ್ಪದ ಸಂಗತಿ. ಆ ದಿವಸ ಆರೂವರೆಯಾದರೂ ಸದ್ದಿಲ್ಲ. ನಾವು ಕೆಳಗೆ ಇಳಿದು ನೋಡಲು, ಹಲಗೆಯು ಅವರ ಬಾಗಿಲಿನಲ್ಲಿಯೇ ಇತ್ತು. ಒಳಗೆ ದೀಪ ಉರಿಯುತ್ತಿತ್ತು. ಗಂಟೆ ಬಾರಿಸಿದರೆ ಉತ್ತರವಿಲ್ಲ. ಅವರ ಇನ್ನೊಂದು ಬೀಗದ ಕೈಯನ್ನು ಬಸ್ಸು ನಡಿಸುವವನ ಹೆಂಡತಿಯು ಇಟ್ಟುಕೊಂಡಿದ್ದಳು. ಇಬ್ಬರೂ ಒಳಗೆ ಹೋದೆವು. ಅಜ್ಜಿಯವರು ಬಚ್ಚಲುಮನೆಯಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದು, ಮಧ್ಯಾಹ್ನದಿಂದ ಏಳಲಾರದೆ, ಕೂಗಿ ಕೂಗಿ ಧ್ವನಿ ಅಡಗಿ ತಣ್ಣನೆಯ ನೆಲದ ಮೇಲೆ ಇದ್ದರು. ವೈದ್ಯರು ಓಡಿಬಂದರು, 112ಕ್ಕೆ ಕರೆಮಾಡಿದ ಹತ್ತು ನಿಮಿಷಗಳಲ್ಲಿ ವಾಹನವೂ ಬಂತು. ರಾತ್ರಿಯೆಲ್ಲಾ ಹಾಗೆಯೇ ಇದ್ದಿದ್ದರೆ ಬದುಕುವುದು ಕಷ್ಟವಾಗುತ್ತಿತ್ತೆಂದು ಅವರು ಆಮೇಲೆ ನಮಗೆ ಹೇಳಿದರು. ಅಜ್ಜಿಯವರ ಸರದಿಯಲ್ಲಿ ಉಳಿದಿದ್ದ ಕಾಲುದಾರಿಯನ್ನು ಆ ರಾತ್ರಿಯೇ ಯೂಕ್ರೇನಿನ ಹುಡುಗನು ಯಾರೂ ಹೇಳದೆ ಗುಡಿಸಿ ಬಂದನು.

ಏಪ್ರಿಲ್ ತಿಂಗಳಲ್ಲಿ ಅಜ್ಜಿಯವರು ಕೋಲೂರಿಕೊಂಡು ಮನೆಗೆ ಹಿಂದಿರುಗಿದರು. ನಮ್ಮಲ್ಲಿ ನೀನು, ನೀವು ಎಂಬ ಎರಡು ಮಾತುಗಳಿರುವಂತೆ ಜರ್ಮನ್ ಭಾಷೆಯಲ್ಲಿಯೂ ಎರಡಿವೆ. ನೆರೆಯವರು ಇಪ್ಪತ್ತು ವರ್ಷ ಒಂದೇ ಮೆಟ್ಟಿಲು ಹತ್ತಿದರೂ ನೀವು ಎಂದೇ ಕರೆದುಕೊಳ್ಳುವುದುಂಟು. ನೀನು ಎನ್ನುವುದಕ್ಕೆ ಹಿರಿಯರಾದವರು ಮುಂದಾಗಿ ಅಪ್ಪಣೆ ಕೊಡಬೇಕು. ಅಜ್ಜಿಯವರು ಆ ದಿವಸ ನಮಗೆ ಆ ಅಪ್ಪಣೆಯನ್ನು ಕೊಟ್ಟರು. ನಲುವತ್ತು ದಾಟಿದ ನಾವು ಎಂಬತ್ತು ದಾಟಿದವರನ್ನು ನೀನು ಎನ್ನುವುದಕ್ಕೆ ನಾಲಗೆ ಏಳಲಿಲ್ಲ. ಆಗ ನಮ್ಮ ಭಾಷೆಯ ಒಂದು ಗುಣವು ನೆನಪಿಗೆ ಬಂತು. ಮಾಸ್ತರರನ್ನೂ ಸಾಹುಕಾರರನ್ನೂ ನೀವು ಎನ್ನುವ ನಾವು ಹೆತ್ತ ತಾಯಿಯನ್ನು ನೀನು ಎನ್ನುತ್ತೇವೆ. ಪ್ರಾರ್ಥನೆಯಲ್ಲಿ ದೇವರನ್ನೂ ಹಾಗೆಯೇ. ಹೀಗೆ ಯೋಚಿಸಿದ ಮೇಲೆ ಆ ಮಾತು ಸುಲಭವಾಗಿ ಬಂತು. ಮನೆಯೆಂದು ತೋರುವುದಿಲ್ಲವೆಂದು ಬರೆಯುವ ಹುಡುಗಿಯರಿಗೆ ನಾವು ಹೇಳಬೇಕೆಂದಿರುವುದು ಇದೇ. ಪಾತ್ರೆ ಪರದೆಗಳಿಂದ ಅದು ಮನೆಯಾಗುವುದಿಲ್ಲ. ಹೊರಗೆ ನಿಮ್ಮ ಹೆಸರು ಇರಬೇಕು, ಒಳಗೆ ನಿಮ್ಮ ಸರದಿ ಇರಬೇಕು. ಸರದಿಯ ಹಲಗೆ ಇಲ್ಲದ ಊರುಗಳಲ್ಲಿ ಅದನ್ನು ನೀವೇ ಕೇಳಿ ಪಡೆಯಬೇಕಾದೀತು.

ಕನ್ನಡ ನಿಘಂಟನ್ನು ರಚಿಸಿದ ಫೆರ್ಡಿನಾಂಡ್ ಕಿಟ್ಟೆಲರು ಕಡೆಯ ವರ್ಷಗಳನ್ನು ಕಳೆದದ್ದೂ 1903ರಲ್ಲಿ ತೀರಿಕೊಂಡದ್ದೂ ಈ ಟ್ಯೂಬಿಂಗೆನಿನಲ್ಲಿಯೇ. ಅವರ ಸಮಾಧಿಯು ಅಲ್ಲಿದೆ. ನಾವು ಎರಡು ಮೂರು ಸಾರಿ ಅಲ್ಲಿಗೆ ಹೋದೆವು. ಹುಬ್ಬಳ್ಳಿ, ಮಂಗಳೂರು, ಮಡಿಕೇರಿ ಮುಂತಾದ ಊರುಗಳಲ್ಲಿ ಪರದೇಶಸ್ಥರಾಗಿ ಬಿಡಾರ ಹೂಡಿದ್ದವರು ಅವರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ದೊಡ್ಡ ಗ್ರಂಥವನ್ನು ತೆರೆದು ನೋಡಿದರೆ ಒಲೆ, ಒರಳು, ಒನಕೆ ಮುಂತಾದ ಮನೆವಾರ್ತೆಯ ಮಾತುಗಳು ಕಾವ್ಯದ ಮಾತುಗಳೊಂದಿಗೆ ಸಾಲಾಗಿ ಕೂತಿವೆ. ನಾವು ನಮ್ಮ ಅಡಿಗೆಮನೆಯ ಸಾಮಾನುಗಳಿಗೆ ಜರ್ಮನ್ ಹೆಸರಿನ ಚೀಟಿಗಳನ್ನು ಅಂಟಿಸಿ ಬಾಯಿಪಾಠ ಮಾಡುತ್ತಿದ್ದಾಗ, ಆ ಮಹನೀಯರೂ ಹೀಗೆಯೇ ಯಾವುದೋ ಕನ್ನಡ ಅಂಗಳದಲ್ಲಿ ಒಂದೊಂದು ವಸ್ತುವನ್ನು ತೋರಿಸಿ ಅದರ ಹೆಸರನ್ನು ಕೇಳಿರಬಹುದೆಂದು ಎಣಿಸಿಕೊಳ್ಳುತ್ತಿದ್ದೆವು.

ಹೊರಡುವ ಹುಡುಗಿಯರಿಗೆ ಕೆಲವು ಬುದ್ಧಿಮಾತುಗಳನ್ನು ಬರೆದು ಮುಗಿಸುತ್ತೇವೆ. ಮನೆಯನ್ನು ಕಣ್ಣಿನಿಂದ ನೋಡದೆ, ಕರಾರಿಗೆ ರುಜುವಾಗದೆ, ಯಾರಿಗೂ ಹಣ ಕಳುಹಿಸಬೇಡಿರಿ. ಗೀರುಗಳ ಪಟ್ಟಿಯನ್ನು ಜೋಪಾನವಾಗಿಡಿರಿ. ಮನೆ ಹೊಕ್ಕ ದಿವಸವೇ ಗಂಟೆಯ ಮೇಲೆ ಹೆಸರು ಹಾಕಿಸಿರಿ. ನೆರೆಯವರ ಗಂಟೆಯನ್ನು ನೀವೇ ಮೊದಲು ಬಾರಿಸಿ ಇಂಥವಳು ಬಂದಿದ್ದೇನೆಂದು ತಿಳಿಸಿರಿ. ನಂಬಿಕೆಯಿಟ್ಟ ಒಬ್ಬರ ಹತ್ತಿರ ಇನ್ನೊಂದು ಬೀಗದ ಕೈಯನ್ನು ಕೊಟ್ಟಿಡಿರಿ. ವಗ್ಗರಣೆ ಹಾಕುವಾಗ ಕಿಟಕಿ ತೆರೆಯಿರಿ, ವಗ್ಗರಣೆಯನ್ನು ಬಿಡಬೇಡಿರಿ.

ಕಳೆದ ಜೂನ್ ತಿಂಗಳಿನಿಂದ ನಮ್ಮ ವಸತಿಗೃಹದಲ್ಲಿಯೂ ಒಂದು ಮರದ ಹಲಗೆ ಇದೆ. ಶಾಲೆಯ ಬಡಗಿಯು ಹಳೇ ಬೆಂಚಿನ ತುಂಡಿನಿಂದ ಅದನ್ನು ಮಾಡಿಕೊಟ್ಟನು. ಅದು ಹುಡುಗಿಯರ ಕೋಣೆಗಳಿಗೂ ಉಪಾಧ್ಯಾಯಿನಿಯರ ಕೋಣೆಗಳಿಗೂ ಸರದಿಯ ಪ್ರಕಾರ ಹೋಗುತ್ತದೆ. ಈ ವಾರ ಅದು ನಮ್ಮ ಬಾಗಿಲಿನಲ್ಲಿದೆ, ಮೆಟ್ಟಿಲುಗಳು ಇಪ್ಪತ್ತೆರಡು.